ಮನೆಯಲ್ಲೇ ತೊಳೆದು ಬಂದ ಪಾದಗಳು

ಒಂದು ತಂಬಿಗೆ, ಒಂದು ಹಿತ್ತಾಳೆ ಬೋಗುಣಿ, ಒಂದಿಷ್ಟು ಬಿಳಿ ಟವೆಲ್. ಪವಿತ್ರ ಗುರುವಾರದ ಪಾದ ತೊಳೆಯುವ ಆರಾಧನೆಗೆ ಇಷ್ಟೇ ಸಾಕು. ನನ್ನ ಗಂಡ ಲಾಲಪ್ಪ ಇದಕ್ಕೆ ಒಬ್ಬ ಫೋಟೋಗ್ರಾಫರನನ್ನೂ ಸೇರಿಸಿದ್ದರು.

ಗುರುವಾದ ಯೇಸು ತನ್ನ ಶಿಷ್ಯರ ಮುಂದೆ ಕೂತು ಅವರ ಪಾದ ತೊಳೆದ ನೆನಪಿಗೆ ನಡೆಯುವ ಆರಾಧನೆ ಇದು. ಪುಣೆಯ ನಮ್ಮ ಕನ್ನಡ ಸಭೆಯಲ್ಲಿ ಪ್ರತಿವರ್ಷ ಪಾಸ್ಟರೇ ತೊಳೆಯುತ್ತಾರೆ. ಈ ಸಲ ನಮ್ಮವರು ಆ ಕೆಲಸವನ್ನು ಕೇಳಿ ಪಡೆದಿದ್ದರು. ಈಸ್ಟರ್ ಮುಗಿದ ಮರುವಾರವೇ ಸಭೆಯ ಕಾರ್ಯದರ್ಶಿ ಚುನಾವಣೆ. ಬೀದರ್ ಕಡೆಯಿಂದ ಬಂದು ಇದೇ ಊರಲ್ಲಿ ಬರಿಗಾಲಲ್ಲಿ ಕಾಂಕ್ರೀಟ್ ತುಳಿದ ಇವರು ಈಗ ಖರಾಡಿಯ ಕಟ್ಟಡಗಳಿಗೆ ಆಳು ಒದಗಿಸುವ ಗುತ್ತಿಗೆದಾರರು. ಹತ್ತಿದ ಏಣಿ ಒದೆಯುವವರನ್ನು ನಾನು ನೋಡಿದ್ದೇನೆ. ಇವರಿಗೆ ಏಣಿ ಇತ್ತೆಂಬುದೇ ಮರೆತುಹೋಗಿತ್ತು. ನನಗೆ ಸಿಟ್ಟು ಬರುತ್ತಿದ್ದುದೇ ಅದಕ್ಕೆ.

"ಸೇವಾ ಮಾಡ್ತೀನಂದ್ರ ನಿಂದೇನ ತಕರಾರು, ಅನುಸೂಯಾ?" ಎಂದರು.

"ಸೇವಾ ಮಾಡ್ರಿ. ಸೈಟಿನ ಮಂದಿ ಕಾಲಿಗೆ ರಬ್ಬರ್ ಗಂಬೂಟ ಕೇಳ್ಯಾರ. ಕ್ರಿಸ್ಮಸ್ಸಿಗೆ ಕೊಡಸ್ತೀನಿ ಅಂದಿದ್ರಿ, ಈಸ್ಟರ್ ಬಂತು."

"ಕೊಡಸೋಣಂತ ತಡಿ. ಮೊದಲ ಇದೊಂದು ಮುಗೀಲಿ."

ನಮ್ಮ ಪಾಸ್ಟರ್ ಅನುಜಾ ವಯಸ್ಸಿನಲ್ಲಿ ಚಿಕ್ಕವಳು, ಮಾತಿನಲ್ಲಿ ಗಟ್ಟಿ. ಒಂದು ಷರತ್ತು ಹಾಕಿದಳು. ಪಾದ ತೊಳೆಸಿಕೊಳ್ಳುವ ಹನ್ನೆರಡು ಜನರಲ್ಲಿ ಒಬ್ಬನಾದರೂ ನಮ್ಮವರ ಸೈಟಿನವನಿರಬೇಕು. ನಮ್ಮವರು ಸಂತೋಷದಿಂದ ಒಪ್ಪಿದರು. ಧಣಿ ಆಳಿನ ಪಾದ ತೊಳೆಯುವ ಫೋಟೋ ಯಾರಿಗೆ ಬೇಡ? ಕಾಂಕ್ರೀಟ್ ಕೆಲಸದ ಅವ್ವಣ್ಣನನ್ನು ಆರಿಸಿ, ಮೊದಲ ಕುರ್ಚಿಯನ್ನೇ ಕೊಟ್ಟರು.

ನಮ್ಮ ಜನಕ್ಕೊಂದು ಗುಣವಿದೆ. ಪಾದ ತೊಳೆಸಿಕೊಳ್ಳಲು ಹೋಗುವ ಮುಂಚೆ ಮನೆಯಲ್ಲೇ ಚೆನ್ನಾಗಿ ತೊಳೆದುಕೊಂಡು ಹೋಗುತ್ತಾರೆ, ಕೆಲಸದವಳು ಬರುವ ಮೊದಲೇ ಮನೆ ಗುಡಿಸಿಡುವ ಹಾಗೆ. ಬ್ಯಾಂಕಿನಿಂದ ನಿವೃತ್ತರಾದ ಚಂದ್ರಪ್ಪನವರಂತೂ ಪಾದಕ್ಕೆ ಪೌಡರ್ ಹಚ್ಚಿಕೊಂಡು ಬಂದಿದ್ದರು. ಅವ್ವಣ್ಣನ ಪಾದಗಳೂ ಕೆಂಪಗೆ ಹೊಳೆಯುತ್ತಿದ್ದವು.

ನಮ್ಮವರು ಮೊಣಕಾಲೂರಿ ನೀರು ಹೊಯ್ದರು. ಅವ್ವಣ್ಣ ಹಲ್ಲು ಕಚ್ಚಿ ಉಸಿರೆಳೆದುಕೊಂಡ. ಬೋಗುಣಿಯ ನೀರು ಕೆಂಪಾಗತೊಡಗಿತು.

"ಸರ್, ಇಕಡೆ ಬಘಾ," ಈ ಕಡೆ ನೋಡಿ, ಎಂದು ಮರಾಠಿಯಲ್ಲಿ ಕರೆದ ಫೋಟೋಗ್ರಾಫರ್. ನಮ್ಮವರು ತಲೆ ಎತ್ತಲಿಲ್ಲ.

ಹಿಂದಿನ ಸಾಲಿನಿಂದ ಅವ್ವಣ್ಣನ ಹೆಂಡತಿ ಅವ್ವಮ್ಮ ಎದ್ದು ಬಂದಳು. "ನಂದೇ ತಪ್ಪಾಯ್ತ್ರಿ ಸಾವಕಾರ್ರ. ನಿಮ್ಮ ಕೈಗಿ ಹೊಲಸು ಹತ್ತಬಾರದಂತ ನಾನೇ ಇಟ್ಟಂಗಿ ಚೂರಿಲೆ ತಿಕ್ಕೀನ್ರಿ."

ಹಸಿ ಸಿಮೆಂಟ್ ಬರಿಗಾಲಿನ ಚರ್ಮ ತಿಂದುಹಾಕುತ್ತದೆ. ಬೆರಳ ಸಂದುಗಳಲ್ಲಿ ತೂತು ಬಿದ್ದು ಕಪ್ಪು ಹಕ್ಕಳೆ ಕಟ್ಟಿತ್ತು. ಅದನ್ನೇ ಹೊಲಸೆಂದು ಈಕೆ ಉಜ್ಜಿದ್ದಳು, ಅವನು ಸುಮ್ಮನೆ ಉಜ್ಜಿಸಿಕೊಂಡಿದ್ದ.

ಅವ್ವಣ್ಣ ಕಾಲು ಹಿಂದಕ್ಕೆಳೆದುಕೊಂಡ. "ಬ್ಯಾಡ್ರಿ ಸಾವಕಾರ್ರ."

ನಮ್ಮವರು ಅವನ ಹಿಮ್ಮಡಿ ಬಿಡಲಿಲ್ಲ. "ಉಳಿದವರಿಗೂ ಹಿಂಗೇ ಅದ ಏನು?"

"ಹೌದ್ರಿ. ಸ್ಲ್ಯಾಬಿನ ಮ್ಯಾಲ ನಿಲ್ಲೋರಿಗೆಲ್ಲಾ ಅದರಿ."

ನಮ್ಮವರು ಅವನ ಬೆರಳ ಸಂದು ಬಿಡಿಸಿ ನೋಡಿದರು. "ನನಗೂ ಹಿಂಗೇ ಆಗಿತ್ತು," ಎಂದರು. "ನಮ್ಮವ್ವ ಎಣ್ಣಿ ಹಚ್ಚಿ ಹಚ್ಚಿ ಅಳ್ತಿದ್ಳು."

ಆಮೇಲೆ ಫೋಟೋಗ್ರಾಫರನ ಕಡೆ ತಿರುಗಿ "ಬಂದ್ ಕರಾ" ಎಂದು ಕ್ಯಾಮರಾ ನಿಲ್ಲಿಸಲು ಹೇಳಿದರು. ಸಭೆಗೆಲ್ಲ ಕೇಳುವ ಹಾಗೆ ಹೇಳಿದರು, "ಇವರು ಗಂಬೂಟ ಕೇಳಿದ್ರು. ನಾ ಕೊಡಲಿಲ್ಲ. ಈ ಚರ್ಚಿಗೆ ಹೊಸ ಛತ್ತ ಹಾಕಿಸಿಕೊಟ್ಟು ದೊಡ್ಡವ ಆದೆ ಅಂತ ತಿಳಕೊಂಡಿದ್ದೆ."

ಪಾದಗಳಿಗೆ ಟವೆಲನ್ನು ಒತ್ತದೆ ಸುತ್ತಿ, ಅವ್ವಣ್ಣನನ್ನು ಹೆಗಲಿಗೆ ಆನಿಸಿಕೊಂಡು ಆಸ್ಪತ್ರೆಗೆಂದು ಕಾರಿನತ್ತ ನಡೆದರು. ಅವ್ವಮ್ಮ ಹಿಂದೆ ಓಡಿದಳು. ಪ್ಲಾಸ್ಟಿಕ್ ಕವರ್ ಇನ್ನೂ ತೆಗೆಯದ ಹೊಸ ಕಾರು ಅದು. ನನಗೂ ಕಾಲು ಒರೆಸಿಕೊಂಡು ಹತ್ತು ಎನ್ನುತ್ತಿದ್ದರು.

ಉಳಿದ ಹನ್ನೊಂದು ಜನ ಬರಿಗಾಲು ಇಳಿಬಿಟ್ಟುಕೊಂಡು ಕೂತೇ ಇದ್ದರು. ಪಾಸ್ಟರ್ ನನ್ನ ಮುಖ ನೋಡಿದಳು. ಬೋಗುಣಿಯ ನೀರು ಚೆಲ್ಲಿ, ಸೆರಗು ಸಿಕ್ಕಿಸಿ, ನಾನೇ ಕೂತೆ.

"ಲಾಲಪ್ಪ ತಿರುಗಿ ಬರೋದಿಲ್ಲೇನ್ರಿ?" ಚಂದ್ರಪ್ಪನವರು ಕೇಳಿದರು.

"ಇಲ್ರಿ. ಕಾಲ ಚಾಚ್ರಿ," ಎಂದೆ. ಪೌಡರ್ ತೊಳೆದು ತೆಗೆಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಚುನಾವಣೆಗೆ ನಮ್ಮವರು ನಿಲ್ಲಲಿಲ್ಲ. ಚಂದ್ರಪ್ಪನವರು ಕಾರ್ಯದರ್ಶಿಯಾದರು, ಆಗಲಿ. ಅವ್ವಣ್ಣ ಗಾಯ ಮಾಯುವವರೆಗೆ ಮನೆಯಲ್ಲಿದ್ದ, ಕೂಲಿ ನಿಲ್ಲಲಿಲ್ಲ.

ಈಸ್ಟರ್ ಮರುದಿನ ನಾನು ಖರಾಡಿಗೆ ಬುತ್ತಿ ಕೊಡಲು ಹೋದೆ. ಕಟ್ಟಡದ ನೆರಳಲ್ಲಿ ಆಳುಗಳು ಸಾಲಾಗಿ ಕೂತಿದ್ದರು. ನಮ್ಮವರು ನೆಲಕ್ಕೆ ಕೂತು ಒಬ್ಬೊಬ್ಬರ ಕಾಲಿಗೂ ಗಂಬೂಟು ಏರಿಸಿ, ಹೆಬ್ಬೆರಳಿನ ತುದಿ ಒತ್ತಿ, "ಬಿಗಿ ಆಗ್ತದೇನು?" ಎಂದು ಕೇಳುತ್ತಿದ್ದರು. ಅಲ್ಲಿ ಫೋಟೋಗ್ರಾಫರ್ ಇರಲಿಲ್ಲ. ನಾನು ಬುತ್ತಿ ಹಿಡಿದುಕೊಂಡು, ಅವರಿಗೆ ಕಾಣದಂತೆ ಕಂಬದ ಹಿಂದೆ ನಿಂತು, ಕಣ್ಣು ತುಂಬ ನೋಡಿದೆ.