ಅರ್ಧ ಚುಕ್ಕಿ

ಕಂಪ್ಲಿಯಿಂದ ತಂದ ಬ್ಯಾಗನ್ನು ಕೆಳಗಿಡುವುದನ್ನೂ ಮರೆತು ಸುಷ್ಮಿತಾ ಮೀನಿನ ತೊಟ್ಟಿಯ ಗಾಜಿನ ಮೇಲೆ ಬೆರಳಿಟ್ಟು ಎಣಿಸುತ್ತಿದ್ದಳು. ನಲವತ್ತೊಂದು. ಅಡುಗೆಮನೆಯ ಬಾಗಿಲಲ್ಲಿ ಕೆಲಸದ ಹೊಳೆಮ್ಮ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತ ನಿಂತಿದ್ದಳು.

ಉಗುರಿಗಿಂತ ಚಿಕ್ಕ, ಬೂದಿಬಣ್ಣದ ನಕ್ಷತ್ರಮೀನುಗಳು; ಹೊಳೆಮ್ಮನ ಬಾಯಲ್ಲಿ ಚುಕ್ಕಿಗಳು. ತೊಟ್ಟಿ ನೋಡಿಕೊಳ್ಳುವ ಯಲ್ಲೇಶ್ ತಂದಿಟ್ಟ ಸಮುದ್ರದ ಕಲ್ಲಿನ ಸಂದಿಯಲ್ಲಿ ಕೂತು ಬಂದವು. ತಂಗಿಯ ಬಾಣಂತನಕ್ಕೆಂದು ಒಂದೂವರೆ ತಿಂಗಳ ಹಿಂದೆ ಸುಷ್ಮಿತಾ ಹೊರಟಾಗ ಕಂಡದ್ದು ಆರೇ ಆರು. ಹೊಸಪೇಟೆಯಲ್ಲಿ ಉಪ್ಪುನೀರಿನ ಮೀನು ಸಾಕುವುದೆಂದರೆ ಹುಡುಗಾಟವೇ? ಮೀನಿಗೆ ಒಂದು ಚಿಟಿಕೆ ಆಹಾರ, ಮಟ್ಟ ಇಳಿದಷ್ಟು ಫಿಲ್ಟರ್ ನೀರು, ತಾನು ಮರಳುವವರೆಗೆ ಯಲ್ಲೇಶನೂ ಬರುವುದಿಲ್ಲ, ಇಷ್ಟು ಬಿಟ್ಟು ತೊಟ್ಟಿಗೆ ಕೈ ಹಾಕಬೇಡ ಎಂದು ಮೂರು ಸಲ ಹೇಳಿ ಹೋಗಿದ್ದಳು.

ಹೊಳೆಮ್ಮ ಕೈ ಹಾಕಿದ್ದಳು. ಅಂಗಿಗುಂಡಿಯಂಥ ಹಸಿರು ಹವಳದ ಮೇಲೆ ಚುಕ್ಕಿಯೊಂದು ಮಲಗಿ, ಹವಳ ಮುದುಡಿಕೊಂಡದ್ದನ್ನು ಕಂಡಿದ್ದಳು. ಎಮ್ಮಿಗನೂರಿನ ಗದ್ದೆಯಲ್ಲಿ ಸಸಿ ಕಡಿಯುವ ಏಡಿಯನ್ನು ಸೀಳಿ ಅಲ್ಲೇ ಎಸೆದು ಬೆಳೆದವಳು. ಎಲೆಅಡಿಕೆ ಚೀಲದ ಅಡಕೊತ್ತು ತೆಗೆದು, ಚುಕ್ಕಿಯನ್ನು ನಟ್ಟನಡುವೆ ಕತ್ತರಿಸಿ, ಮೀನು ತಿನ್ನಲೆಂದು ನೀರಿಗೇ ಹಾಕಿದಳು. ಮೀನು ಮೂಸಿ ನೋಡಿ ಹೋಯಿತು. ಚುಕ್ಕಿಗಳು ಹೆಚ್ಚಿದವು. ಹೆಚ್ಚಿದಷ್ಟೂ ಕತ್ತರಿಸಿದಳು. ಫೋನಿನಲ್ಲಿ ಮಾತ್ರ, ಎಲ್ಲ ಚಂದ ಐತ್ರಿ ಅಂದಳು.

ಸುಳ್ಳು ಹೇಳಿದವರು ಈ ಮನೆಯಲ್ಲಿ ಉಳಿದಿಲ್ಲ. ಹಿಂದಿನ ಕೆಲಸದ ತಾಯಕ್ಕ ಹೋದದ್ದು ಒಡೆದ ಬೋಗುಣಿ ಬಚ್ಚಿಟ್ಟದ್ದಕ್ಕೆ.

ಸುಷ್ಮಿತಾ ಯಲ್ಲೇಶನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. ಎಲ್ಲ ಕಲ್ಲಿನಲ್ಲೂ ಒಂದೆರಡು ಬಂದೇ ಬರುತ್ತವೆ, ಇಷ್ಟು ಜಲ್ದಿ ನಲವತ್ತಾದದ್ದನ್ನು ತಾನು ಎಲ್ಲೂ ಕಂಡಿಲ್ಲ ಎಂದು ಅವನು ತಡವರಿಸಿದ. ಅವನಿಗಿರುವುದು ನಾಲ್ಕೇ ಮನೆ, ಸಂಡೂರಿನ ಮೂರೂ ಸುಷ್ಮಿತಾಳ ಮಾತಿನಿಂದ ಸಿಕ್ಕವು. ಬಂದಾಗಲೆಲ್ಲ ಹೊಳೆಮ್ಮನ ಕೈಯ ಚಹಾ ಕುಡಿದು, ದೊಡ್ಡವ್ವ, ನಿನ್ನ ಚಾಕ್ಕಿಂತ ಈ ಉಪ್ಪುನೀರ ಚಲೋ ಎಂದು ಕೆಣಕಿ, ಇನ್ನೊಂದು ಲೋಟ ಕೇಳುವವನು.

"ಹುಳಾ ಹತ್ತಿದ ಕಲ್ಲು ತಂದು ಇಟ್ಟೀದಿ. ಹವಳ ಹೋತು," ಎಂದಳು ಸುಷ್ಮಿತಾ. "ಇನ್ನ ನೀ ಬರೂದು ಬ್ಯಾಡ. ಸಂಡೂರಿನವ್ರಿಗೂ ನಾನ ಹೇಳ್ತೀನಿ."

ಹೊಳೆಮ್ಮ ತಟ್ಟೆ ಕೆಳಗಿಟ್ಟಳು. ಸೊಂಟದ ಚೀಲದಿಂದ ಅಡಕೊತ್ತು ತೆಗೆದು ತೊಟ್ಟಿಯ ಪಕ್ಕದಲ್ಲಿಟ್ಟಳು. ಅದರ ಅಲಗಿಗೆ ತುಕ್ಕು ಹಿಡಿದಿತ್ತು.

"ಅವನ್ನ ಬೈಬ್ಯಾಡ್ರಿ ಅಕ್ಕಾರ. ನಾನ ಕತ್ತರಿಸಿ ಹಾಕೀನಿ."

"ಕತ್ತರಿಸಿ... ತೊಟ್ಟಿಗೇನ?"

"ಮೀನ ತಿಂತಾವ ಅನ್ಕಂಡೆ."

ಫೋನಿನೊಳಗೆ ಯಲ್ಲೇಶ್ ಉಸಿರೆಳೆದದ್ದು ಕೇಳಿಸಿತು. "ದೊಡ್ಡವ್ವ," ಎಂದ ಮೆಲ್ಲಗೆ, "ಅವು ಎರಡು ತುಂಡಾದ್ರ ಎರಡೂ ಬದುಕ್ತಾವು."

ಸುಷ್ಮಿತಾ ಫೋನು ಇಡಲಿಲ್ಲ. ಬ್ಯಾಗನ್ನು ಮೆಲ್ಲಗೆ ನೆಲಕ್ಕಿಟ್ಟು ಗಾಜಿನತ್ತ ಬಗ್ಗಿದಳು. ಹೊಳೆಮ್ಮನೂ ನಿಂತಲ್ಲಿಂದಲೇ ನೋಡಿದಳು. ಅಲ್ಲೊಂದು ಅರ್ಧ ಚುಕ್ಕಿ. ಹಳೆಯ ತೋಳು ಎರಡು, ಕತ್ತರಿಸಿದ ಕಡೆ ಎಳ್ಳಿನಷ್ಟೇ ಹೊಸವು ಮೂರು. ಐದನ್ನೂ ಊರುತ್ತ ಅದು ಗಾಜು ಏರುತ್ತಿತ್ತು.