ದಡದಲ್ಲಿ ಆಡಿದ ಮಾತು

"ಒಂದು ಮಾತು ಆಡಿದ್ದಕ್ಕೆ ಕಡಲಿಗೇನು ನಷ್ಟ?"

ಅಪ್ಪ ಕೇಳಿದ್ದು ನನ್ನನ್ನಲ್ಲ. ಒಲೆಯ ಮುಂದೆ ಕೂತು, ಗಾಳದ ಹಗ್ಗದ ಸಿಕ್ಕು ಬಿಡಿಸುತ್ತ, ಯಾರನ್ನೂ ನೋಡದೆ ಕೇಳಿದ. ನಾನು ಉಣ್ಣೆ ಹೆಣೆಯುತ್ತಲೇ ಇದ್ದೆ.

ನಮ್ಮ ಶೆಟ್ಲೆಂಡಿನ ಗಂಡಸರಿಗೆ ದಡದಲ್ಲೊಂದು ಮಾತು, ದೋಣಿಯಲ್ಲೊಂದು ಮಾತು. ಕಡಲ ಮೇಲೆ ಚರ್ಚು ಎನ್ನಬಾರದು, ಬೇನಿಹೂಸ್ ಎನ್ನಬೇಕು. ಪಾದ್ರಿಯೆಂದರೆ 'ಎದ್ದು ನಿಂತವನು.' ದೋಣಿಯ ಮಾತನ್ನು ಮನೆಗೆ ತರಬಾರದು, ತಂದರೆ ಕಡಲು ಮುನಿದು ಆಳನ್ನು ಎಳೆದುಕೊಳ್ಳುತ್ತದೆ. ಇದು ನಮ್ಮ ಕೊಲ್ಲಿಯ ಕಟ್ಟು.

ಕಳೆದ ಚಳಿಗಾಲ ಕೋಪನ್‌ಹೇಗನ್ನಿನಿಂದ ಹಳೆಯ ಪದಗಳನ್ನು ಬರೆದುಕೊಳ್ಳುವ ಪಂಡಿತರೊಬ್ಬರು ನಮ್ಮ ಮನೆಗೆ ಬಂದಿದ್ದರು. ಅಪ್ಪನ ಜೊತೆ ಹುಟ್ಟು ಹಾಕುವ ಮಾನ್ಸಿಯೂ ಅಲ್ಲೇ ಇದ್ದ. ಅಜ್ಜಿಯಿಂದ ಕಲಿತ ಪದ್ಯಗಳನ್ನು ಹೇಳುತ್ತ ಹೇಳುತ್ತ ಅಪ್ಪ ಮೈಮರೆತು ಬೇನಿಹೂಸ್ ಎಂದುಬಿಟ್ಟ.

"ರಾಸ್ಮಿ, ಬಾಯಿಗೆ ಲಂಗರು ಹಾಕೋ!" ಎಂದು ಮಾನ್ಸಿ ಅಪ್ಪನನ್ನು ತಡೆದ.

ಪಂಡಿತರು ಮಾತ್ರ ಕುಣಿಯುವುದೊಂದು ಬಾಕಿ. "ಬೇನಿ! ಹೂಸ್ ಅಂದ್ರೆ ಮನೆ, ಬೇನಿ ಅಂದ್ರೆ ನಮ್ಮಲ್ಲಿ ಪ್ರಾರ್ಥನೆ, ರಾಸ್ಮಿ. ಐಸ್‌ಲ್ಯಾಂಡಿನಲ್ಲಿ ಇದರ ಜೊತೆ ಹುಟ್ಟಿದ ಪದ ಇದೆ, ಅದಕ್ಕೆ ಬೇಡಿಕೆ ಅಂತ ಅರ್ಥ. ಇಂಗ್ಲಿಷಿನವರೂ ಮೊದಲು ಬೇಡೋದಕ್ಕೇ ಬೂನ್ ಅಂತಿದ್ರು, ಈಗ ಬೇಡಿ ಸಿಕ್ಕಿದ್ದಕ್ಕೆ ಅಂತಾರೆ. ಸಾವಿರ ವರ್ಷದ ಮಾತು ನಿಮ್ಮ ದೋಣೀಲಿ ಉಳಿದಿದೆ!"

"ಹಾಗಾದ್ರೆ ಕಡಲ ಮೇಲೆ ನಾವು ಅನ್ನುತ್ತಿದ್ದದ್ದು ಪ್ರಾರ್ಥನೆಯ ಮನೆ ಅಂತಲಾ?" ಅಪ್ಪನ ಕಣ್ಣು ತುಂಬಿತು. ಕೀರ್ತನೆ ಕೇಳಿಯೇ ಬೆಳೆದ ನನಗೂ ಆ ದಿನ ದೇವರು ಒಲೆಯ ಪಕ್ಕ ಬಂದು ಕೂತಂತೆ ಇತ್ತು. ಅಪ್ಪ ತನಗೆ ಗೊತ್ತಿದ್ದ ಕಡಲ ಮಾತನ್ನೆಲ್ಲ ಬರೆಸಿದ.

ಮೇ ತಿಂಗಳ ಮೊದಲ ಯಾನದಲ್ಲೇ ಅಪ್ಪನ ದೋಣಿಯ ಒಡೆಯ ಗಿಬ್ಬಿಯ ಮಗ ಎರ್ಟಿಯನ್ನು ಅಲೆ ಎಳೆದುಕೊಂಡಿತು. ಹೆಣವೂ ಸಿಗಲಿಲ್ಲ. ಮಾನ್ಸಿ ಗಿಬ್ಬಿಗೆ ಚಳಿಗಾಲದ ಸಂಗತಿ ಹೇಳಿದ. ಮರುದಿನ ಅಪ್ಪನ ಹುಟ್ಟು ನಮ್ಮ ಬಾಗಿಲಿಗೆ ಒರಗಿತ್ತು; ದೋಣಿಯಲ್ಲಿ ಅವನಿಗಿನ್ನು ಜಾಗವಿಲ್ಲ ಎಂದರ್ಥ.

ದೋಣಿಯಿಲ್ಲದವನಿಗೆ ನಮ್ಮಲ್ಲಿ ಬದುಕಿಲ್ಲ. ಬೇರೆ ದೋಣಿಯವರು ಅಪ್ಪನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಹದಿನೈದು ದಿನ ಹೀಗೇ ಕಳೆದ ಮೇಲೆ, ಇವತ್ತು ಅಪ್ಪ ಸಿಕ್ಕು ಬಿಡಿಸಿದ ಹಗ್ಗವನ್ನು ಕೆಳಗಿಟ್ಟು ಎದ್ದ. ನಾನೂ ಹಿಂದೆ ಹೋದೆ.

ಗಿಬ್ಬಿ ದೋಣಿಗೆ ಡಾಂಬರು ಬಳಿಯುತ್ತಿದ್ದ. ಭಾನುವಾರ ಚರ್ಚಿನಲ್ಲಿ ಕೀರ್ತನೆ ಎತ್ತಿಕೊಡುವವನೂ ಅವನೇ. ಆ ಕಂಠ ಕೇಳಿ ನಾನು ಎಷ್ಟು ಸಲ ಅತ್ತಿಲ್ಲ!

"ಗಿಬ್ಬಿ, ನಿನ್ನ ಮಗನ್ನ ಎತ್ತಿ ಆಡಿಸಿದವನು ನಾನು."

"ಗೊತ್ತು."

"ಅದು ಕೆಟ್ಟ ಮಾತಲ್ಲ ಕಣೋ. ಪ್ರಾರ್ಥನೆ ಅಂತೆ."

"ಪುಸ್ತಕದವನಿಗೆ ಅದು ಪ್ರಾರ್ಥನೆ. ಅವನು ಹಡಗು ಹತ್ತಿ ಹೋದ. ನನ್ನ ಮಗ ಎಲ್ಲಿ?"

ಅಪ್ಪ ಟೋಪಿ ತೆಗೆದ. "ಮೂವತ್ತು ವರ್ಷ ನಿನ್ನ ಬೆನ್ನ ಹಿಂದೆ ಕೂತು ಹುಟ್ಟು ಹಾಕಿದೀನಿ. ಎಲ್ಲಾದರೂ ಸರಿ, ಕಡೇ ಹಲಗೆಯಾದರೂ ಸರಿ. ನನಗೊಂದು ಜಾಗ ಕೊಡು."

ಗಿಬ್ಬಿ ಬಳಿಯುವುದನ್ನು ನಿಲ್ಲಿಸಲಿಲ್ಲ.

"ಕೊಡಲ್ಲ."