ಗಿಣಿಮೂಗಿನ ಕಾಯಿ

ಟ್ರೇಗೊಂದರಂತೆ ಇಟ್ಟ ಹನ್ನೆರಡು ಕೋಕೋ ಕಾಯಿಗಳಲ್ಲಿ ಹನ್ನೊಂದು ಕಪ್ಪಗಾಗಿದ್ದವು. ಒಂದು ಮಾತ್ರ, ಐದು ದಿನದ ಹಿಂದೆ ನಾನೇ ಸಿಪ್ಪೆ ಕೆರೆದು ರೋಗಾಣು ಬೆರೆಸಿದ ನೀರು ಬಿಟ್ಟ ಜಾಗದಲ್ಲಿ, ಎಳ್ಳಿನಷ್ಟು ಚುಕ್ಕೆ ತೋರಿಸಿ ಅಲ್ಲೇ ನಿಂತುಬಿಟ್ಟಿತ್ತು. ಮುಚ್ಚಳದ ಮೇಲೆ ನನ್ನದೇ ಕೈಬರಹದಲ್ಲಿ ಮರದ ನಂಬರು: ಆರು.

ಕಾಯಿ ಕೊಳೆಸುವ ಈ ಶಿಲೀಂಧ್ರದ ಬೆನ್ನು ಹತ್ತಿ ನನಗೆ ಏಳು ವರ್ಷ. ಹಳೇ ತೋಟದಲ್ಲಿ ಅದರ ಬಾಯಿಗೆ ಬೀಳದೆ ಉಳಿದದ್ದು ಹನ್ನೆರಡು ಮರ; ಟ್ರೇಗಳಲ್ಲಿದ್ದದ್ದು ಅವುಗಳ ತಲಾ ಒಂದು ಕಾಯಿ. ಹೊಸ ಸಸಿ ನೆಡಲೆಂದು ಸೋಮವಾರ ಅವಕ್ಕೂ ಗರಗಸ. ಅಷ್ಟರೊಳಗೆ ರೋಗ ತಡೆಯುವ ಮರ ಯಾವುದೆಂದು ಹೇಳಿದರೆ ಅದೊಂದನ್ನು ಬಿಡುತ್ತೇವೆ ಎಂದಿದ್ದರು ನಮ್ಮ ಕೇಂದ್ರದ ಮುಖ್ಯಸ್ಥೆ. ಅದರ ಕುಡಿ ತಂದು ಕಸಿ ಮಾಡಿದರೆ ಹೊಸ ತೋಟದ ಹಣೆಬರಹವೇ ಬೇರೆ.

ಶನಿವಾರ ಅರ್ಧ ದಿನದ ಸ್ಕೂಲು. ಮಗಳು ನನ್ನ ಲ್ಯಾಬಿಗೆ ಬಂದವಳೇ ಬ್ಯಾಗು ಕೆಳಗಿಟ್ಟು ಟ್ರೇಗಳತ್ತ ಇಣುಕಿದಳು.

"ಅಪ್ಪಾ, ನಂಬರ್ ಮುಚ್ಚಳದ ಮೇಲೆ ಬರ್ದಿದ್ದೀಯಲ್ಲ! ನನ್ನ ಊಟದ ಡಬ್ಬಿಗೆ ಮಾತ್ರ ಹೆಸ್ರು ತಳದಲ್ಲಿರ್ಬೇಕು, ಮುಚ್ಚಳ ಅದಲುಬದಲಾಗುತ್ತೆ ಅಂತ ಭಾಷಣ ಬಿಗೀತೀಯ."

ನಗಲು ಬಾಯಿ ತೆರೆದವನು ಹಾಗೇ ನಿಂತೆ. ಗುರುವಾರ ಸಂಜೆ, ಒಳಗೆ ಕಟ್ಟಿದ ಹನಿ ಒರೆಸಲೆಂದು ಹನ್ನೆರಡೂ ಮುಚ್ಚಳ ಒಟ್ಟಿಗೆ ತೆಗೆದಿದ್ದೆ. ಇವಳನ್ನು ಕರೆತರಲು ಆಗಲೇ ತಡವಾಗಿತ್ತು, ಮನೆಯಲ್ಲಿ ಅಡುಗೆ ಆಗಬೇಕಿತ್ತು. ಕೈಗೆ ಸಿಕ್ಕಿದ ಮುಚ್ಚಳ ಸಿಕ್ಕಿದ ಟ್ರೇಗೆ ಹಾಕಿ ಓಡಿದ್ದೆ.

"ಏನಾಯ್ತಪ್ಪಾ? ನಾನೇನಾದ್ರೂ ಮುಟ್ಟಿದ್ನಾ?"

"ಇಲ್ಲ ಪುಟ್ಟಿ. ನಿಮ್ಮಪ್ಪನ ತಲೆಗೇ ಮುಚ್ಚಳ ಇರ್ಲಿಲ್ಲ."

ಮುಖ್ಯಸ್ಥೆಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಹನ್ನೆರಡನ್ನೂ ಒಂದು ವಾರ ಬಿಡಿ ಎಂದು ಗೋಗರೆದೆ.

"ಹೊಸ ಸಸಿ ಪಕ್ಕ ರೋಗ ತಗಲೋ ಮರ ಇಟ್ಕೊಂಡ್ರೆ ರೋಗಕ್ಕೆ ನಾವೇ ಚಪ್ಪರ ಹಾಕಿಕೊಟ್ಟ ಹಾಗೆ," ಎಂದರು. "ಒಂದು ಹೇಳಿ, ಬಿಡ್ತೀನಿ. ಆದ್ರೆ ಊಹೆ ಬೇಡ."

ಹೊರಗೆ ನಲ್ಲಿಯ ಹತ್ತಿರ ಕೊಯ್ಲಿನಕ್ಕ ಕತ್ತಿ ತೊಳೆಯುತ್ತಿದ್ದರು. ಈ ಕಾಯಿಗಳನ್ನು ಕೊಯ್ದು ತಂದವರು ಅವರೇ. ಮುಚ್ಚಳದ ಕಥೆ ಹೇಳಿ ಒಳಗೆ ಕರೆದುತಂದೆ.

"ಅಕ್ಕಾ, ಇದು ಯಾವ ಮರದ್ದು ಅಂತ ಹೇಳಕ್ಕಾಗುತ್ತಾ? ಮುಟ್ಬೇಡಿ, ರೋಗ ತೋಟಕ್ಕೆ ಹೋಗುತ್ತೆ."

"ಮುಟ್ಟೋದ್ಯಾಕೆ ಸಾರ್? ಮುಖ ನೋಡಿದ್ರೆ ಮನೆತನ ಗೊತ್ತಾಗಲ್ವಾ?" ಕೈ ಬೆನ್ನಿಗೆ ಕಟ್ಟಿಕೊಂಡು ಬಗ್ಗಿದರು. "ಈ ಗಿಣಿಮೂಗು ಪೈಪಿನ ಪಕ್ಕದವಳದ್ದು. ಅವಳ ಮಕ್ಕಳೆಲ್ಲ ಹೀಗೇ, ಸೊಟ್ಟ ಮೂಗು, ಸುಕ್ಕು ಬೆನ್ನು."

"ಅದರ ನಂಬರು?"

"ನಂಬರೆಲ್ಲ ನಿಮ್ಮ ಬಾಬ್ತು. ನೀವು ಅದನ್ನ ಚೆನ್ನಾಗೇ ನೋಡ್ಕೊಂಡಿದ್ದೀರಿ ಬಿಡಿ."

ಮಗಳು ಕಿಸಕ್ಕನೆ ನಕ್ಕಳು.

ಬೀಜದಿಂದ ಬೆಳೆದ ಕೋಕೋದಲ್ಲಿ ಮರಕ್ಕೊಂದು ಆಕಾರದ ಕಾಯಿ. ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಏಳು ವರ್ಷ ನಾನು ನೋಡಿದ್ದು ಕಾಯಿಯ ಮೇಲಿನ ಕಲೆಯನ್ನು. ಅಕ್ಕ ನೋಡಿದ್ದು ಕಾಯಿಯನ್ನು.

ಕೈ ತೊಳೆದು, ಬೂಟು ಔಷಧದ ನೀರಿಗೆ ಅದ್ದಿ ತೋಟಕ್ಕೆ ಹೋದೆವು. ಆರನೇ ಮರದ ಕಾಯಿ ಗುಂಡಗೆ, ನುಣ್ಣಗೆ. ಪೈಪಿನ ಪಕ್ಕದ ಮರದಲ್ಲಿ ಕಾಂಡಕ್ಕೆ ಅಂಟಿಕೊಂಡಿದ್ದ ಎಂಟೂ ಕಾಯಿಗಳ ತುದಿ ಸೊಟ್ಟ. ಉಳಿದ ಹತ್ತನ್ನೂ ಬಿಡದೆ ಸುತ್ತಿದೆವು. ಅಂಥ ಮೂಗು ಎಲ್ಲೂ ಇಲ್ಲ. ಮರಳಿ ಬಂದು ಪೈಪಿನ ಪಕ್ಕದ ಬೊಡ್ಡೆ ನೋಡಿದೆ. ಬಿಳಿ ಬಣ್ಣದಲ್ಲಿ: ಹನ್ನೊಂದು.

ಫೋಟೋಗಳನ್ನು ಕಳಿಸಿದ ಹತ್ತು ನಿಮಿಷಕ್ಕೆ ಮುಖ್ಯಸ್ಥೆಯ ಫೋನು. "ಹನ್ನೊಂದು ಉಳೀತು. ಮತ್ತೆ ಪರೀಕ್ಷೆ ಮಾಡಿ, ಒಂದೇ ಕಾಯಿ ನಂಬಿ ಕುಣಿಯೋ ಹಾಗಿಲ್ಲ."

ಕುಣಿಯಲಿಲ್ಲ. ಬೊಡ್ಡೆಯನ್ನೊಮ್ಮೆ ತಟ್ಟಿದೆ. ಅಕ್ಕ ಮೂರು ಕಾಯಿ ಕೊಯ್ದುಕೊಟ್ಟರು. ಲ್ಯಾಬಿಗೆ ಮರಳಿದ ಮೇಲೆ, ತೊಳೆದಿಟ್ಟಿದ್ದ ಮೂರು ಟ್ರೇಗಳನ್ನು ಮಗಳು ಬೋರಲು ಹಾಕಿ ಮೂರರ ತಳದಲ್ಲೂ ದೊಡ್ಡದಾಗಿ ಹನ್ನೊಂದು ಎಂದು ಬರೆದಳು.

"ಮುಚ್ಚಳದ ಮೇಲೇನು ಬರೀಲಿ?"

"ಏನೂ ಬೇಡ ತಾಯಿ."

ಕೇಳುವವಳಲ್ಲ. ಸೊಟ್ಟ ಮೂಗೊಂದನ್ನು ಬರೆದೇಬಿಟ್ಟಳು.